ಹೆಬ್ಬೆರಳಿನ ಅಳತೆ

“ಹೂಂ” ಎಂದು ಕೂಗಿದವನು ನಾನೇ. ದೊಡ್ಡ ಸುತ್ತಿಗೆ ಎತ್ತಿ ನಿಂತ ಆಳು ನನ್ನ ಬಾಯಿಂದ ಆ ಮಾತು ಬಂದ ಮೇಲೆಯೇ ಏಟು ಹಾಕಬೇಕು. ಮೊದಲೇ ಹಾಕಿದರೆ ಬೈಗುಳ, ತಡವಾಗಿ ಹಾಕಿದರೂ ಬೈಗುಳ. ಅವನು ಸರಿಯಾದ ಹೊತ್ತಿಗೇ ಹಾಕಿದ. ಗಾಲಿಯ ಅಂಚಿನಲ್ಲಿ ಮರದ ಒಂದು ತುಂಡು ಕೊಂಚ ಎದ್ದಂತೆ ಕಂಡು ಅದನ್ನು ಒತ್ತಿ ಹಿಡಿಯಲು ಹೋದ ನನ್ನ ಬಲಗೈ ಇನ್ನೂ ಅಲ್ಲೇ ಇತ್ತು. ಕಾದ ಕಬ್ಬಿಣದ ಪಟ್ಟೆಗೂ ಸುತ್ತಿಗೆಗೂ ನಡುವೆ ಹೆಬ್ಬೆರಳು ಸಿಕ್ಕಿತು.

ಆಗ ನಾನು ಕಿರುಚಿದ್ದು “ಗಾಲಿಗೆ ನೀರು ಹುಯ್ಯೋ!” ಎಂದು. ಪಟ್ಟೆ ಕೂತ ತಕ್ಷಣ ನೀರು ಬೀಳದಿದ್ದರೆ ಮರ ಸುಟ್ಟುಹೋಗುತ್ತದೆ. ಸುತ್ತಿಗೆಯವನು ಗಾಬರಿಯಿಂದ ಕೊಡವನ್ನು ನನ್ನ ಕೈಮೇಲೆ ಬಗ್ಗಿಸಿದ. “ನಂಗಲ್ಲ ಮುಂಡೇದೇ, ಗಾಲಿಗೆ!” ಎಂದು ಇನ್ನೊಂದು ಸಲ ಕೂಗಿದ್ದು ನೆನಪಿದೆ. ಆಮೇಲಿನದು ಅಷ್ಟು ನೆನಪಿಲ್ಲ. ಗಾಲಿ ಮಾತ್ರ ಚೆನ್ನಾಗಿ ಬಂದಿತ್ತೆಂದು ಹೆಂಡತಿ ಹೇಳಿದಳು.

ಭದ್ರಾವತಿಯ ಹಳೇಪೇಟೆಯಲ್ಲಿ, ಹೊಳೆಯ ಈಚೆ ದಡದಲ್ಲಿ ನಮ್ಮ ಕುಲುಮೆ. ಊರಿನ ಮುದುಕರು ಆಗಿನ್ನೂ ಬೆಂಕೀಪುರ ಎಂದೇ ಕರೆಯುತ್ತಿದ್ದರು. ಹೊಳೆಯಾಚೆ ಕಬ್ಬಿಣದ ಕಾರ್ಖಾನೆ ಬಂದು ಹತ್ತು ಹನ್ನೆರಡು ವರ್ಷವಾಗಿತ್ತು. ಕಾರ್ಖಾನೆಯ ಒಲೆಗೆ ಕಾಡಿನಿಂದ ಇದ್ದಿಲು ಹೊರಿಸುವ ಕಂಟ್ರಾಕ್ಟರೊಬ್ಬರು ಎಂಟು ಗಾಡಿಗಳಿಗೆ ಗಾಲಿ ಹೇಳಿದ್ದರು. ಹದಿನಾರು ಗಾಲಿ. ದೀಪಾವಳಿ ಮುಗಿದು ಕಾಡಿನ ದಾರಿ ಒಣಗುತ್ತಲೇ ಗಾಡಿಗಳು ಹೊರಡಬೇಕು. ಮರದ ಕೆಲಸವನ್ನೆಲ್ಲ ಮುಗಿಸಿದ್ದೆ. ಕಬ್ಬಿಣದ ಪಟ್ಟೆ ತೊಡಿಸುವುದು ಉಳಿದಿತ್ತು. ಮೂರನೆಯ ಗಾಲಿಗೆ ಹೀಗಾಯಿತು.

ಅರಿಶಿನ ಮೆತ್ತಿ, ಹಳೇ ಸೀರೆಯ ಸೆರಗು ಸುತ್ತಿ, ಹೆಂಡತಿ ನನ್ನನ್ನು ಮಧ್ಯಾಹ್ನದ ರೈಲಿನಲ್ಲಿ ಶಿವಮೊಗ್ಗದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ಬಟ್ಟೆ ಬಿಚ್ಚಿ ನೋಡಿ, “ಇದು ಉಳಿಯಲ್ಲ. ಬುಡದಲ್ಲೇ ತೆಗೀಬೇಕು” ಎಂದರು.

“ಅರ್ಧ ಆದ್ರೂ ಉಳಿಸಿ ಸ್ವಾಮಿ. ನಾನು ಗಾಲಿ ಮಾಡೋನು.”

“ಅರ್ಧ ಉಳಿಸಿದ್ರೆ ಕೈ ಕೊಳೆಯುತ್ತೆ ಮಾರಾಯ. ಆಮೇಲೆ ಅರ್ಧ ಕೈ ಉಳಿಸಿ ಅಂತ ಬರ್ತೀಯ.”

ಹಾಗೆ ಹೋಯಿತು. ಪ್ರಜ್ಞೆ ಬಂದಾಗ ಬೆರಳಿದ್ದ ಜಾಗದಲ್ಲಿ ಕಡುಬಿನಂಥ ಬಟ್ಟೆಯ ಉಂಡೆ ಇತ್ತು. ಇಲ್ಲದ ಬೆರಳಿನ ತುದಿ ತುರಿಸುತ್ತಿತ್ತು. ಪಕ್ಕದ ಮಂಚದಲ್ಲಿ ಕಾರ್ಖಾನೆಯ ಕೂಲಿಯೊಬ್ಬ ಕಾಲು ಮುರಿದುಕೊಂಡು ಮಲಗಿದ್ದ. ಅವನಿಗೆ ಪರಿಹಾರ ಕೊಡುವ ವಿಚಾರಕ್ಕೆ ಕಾರ್ಖಾನೆಯಿಂದ ಗುಮಾಸ್ತರು ಬಂದರು, ಯಾವ ಹೊತ್ತಿನಲ್ಲಿ ಆಯಿತು, ಯಾರು ನೋಡಿದರು ಎಂದು ಬರೆದುಕೊಂಡರು. ನನ್ನ ಕಡೆ ತಿರುಗಿ “ನೀನು ಯಾವ ಖಾತೆ?” ಎಂದರು. ನಾನು ಯಾವ ಖಾತೆಯವನೂ ಆಗಿರಲಿಲ್ಲ. ಧಣಿಯೂ ನಾನೇ, ಆಳೂ ನಾನೇ. ಅದನ್ನು ಇಷ್ಟು ವರ್ಷ ಎದೆಯುಬ್ಬಿಸಿ ಹೇಳಿಕೊಂಡವನಿಗೆ ಅವತ್ತು ಹೇಳಲು ಬಾಯಿ ಬರಲಿಲ್ಲ.

ಐದನೆಯ ದಿನ ಸವಳಂಗ ರಸ್ತೆಯಲ್ಲಿ ದೊಡ್ಡ ಗಾಡಿ ಕಾರ್ಖಾನೆ ಇಟ್ಟಿದ್ದ ಯಜಮಾನರು ಒಂದು ಚಿಪ್ಪು ಬಾಳೆಹಣ್ಣು ಹಿಡಿದು ನೋಡಲು ಬಂದರು. ನನಗಿಂತ ಹಿರಿಯರು, ಕಸುಬಿನಲ್ಲಿ ನನ್ನ ಎದುರಾಳಿ. ಕುಶಲ ಕೇಳಿದ ಮೇಲೆ ಮೆಲ್ಲಗೆ ತೆಗೆದರು.

“ನಿನ್ನ ಕಂಟ್ರಾಕ್ಟರು ನನ್ನ ಹತ್ರ ಬಂದಿದ್ರು ಕಣೋ. ನೀನು ಬಿಟ್ಟುಕೊಟ್ರೆ ಮಿಕ್ಕಿದ್ದು ನಾನು ಮಾಡಿಕೊಡ್ತೀನಿ. ನೀನೂ ನಮ್ಮಲ್ಲಿಗೇ ಬಂದುಬಿಡು. ಬಾಗಿಲ ಹತ್ರ ಸ್ಟೂಲ್ ಹಾಕಿಸ್ತೀನಿ, ಹೋಗೋರು ಬರೋರ್ನ ನೋಡ್ಕೊಂಡಿದ್ರೆ ಸಾಕು.”

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅದಕ್ಕೇ ನನಗೆ ಮೈಯೆಲ್ಲ ಉರಿಯಿತು. ಈ ಹದಿನಾರು ಗಾಲಿ ಕೈತಪ್ಪಿದರೆ ಮುಂದಿನ ವರ್ಷದ್ದೂ ಹೋಯಿತು, ಅಲ್ಲಿಗೆ ಕುಲುಮೆ ಮುಚ್ಚಿತು, ನಾನು ಇನ್ನೊಬ್ಬರ ಬಾಗಿಲಿನ ಸ್ಟೂಲು ಹತ್ತಿದೆ ಎಂದೇ ಅರ್ಥ. “ದೀಪಾವಳಿಗೆ ನಾನೇ ಕೊಡ್ತೀನಿ ಅಂತ ಹೇಳಿ” ಎಂದೆ. ಅವರು ನನ್ನ ಕೈಯ ಬಟ್ಟೆ ನೋಡಿದರು, ಎದ್ದು ಹೋದರು. ಬಾಳೆಹಣ್ಣನ್ನು ಪಕ್ಕದ ಮಂಚದವನಿಗೆ ಕೊಟ್ಟುಬಿಟ್ಟೆ.

ಹತ್ತನೆಯ ದಿನ ಊರಿಗೆ ಬಂದೆ. ದೀಪಾವಳಿಗೆ ಇನ್ನು ಇಪ್ಪತ್ತು ದಿನ.

ಪಟ್ಟೆ ತೊಡಿಸುವ ಕ್ರಮ ಹೇಳಬೇಕು, ಇಲ್ಲದಿದ್ದರೆ ನಾನು ಮಾಡಿದ ತಪ್ಪು ತಿಳಿಯುವುದಿಲ್ಲ. ಗಾಲಿಯ ಅಂಚಿನ ಸುತ್ತ ಹುರಿ ಸುತ್ತಿ ಅಳೆಯುತ್ತೇವೆ. ಆ ಹುರಿಯನ್ನು ಕಬ್ಬಿಣದ ಪಟ್ಟೆಯ ಮೇಲೆ ಚಾಚಿ, ಹುರಿಗಿಂತ ಕೊಂಚ ಕಡಿಮೆಗೆ ಗುರುತು ಹಾಕಿ ಕತ್ತರಿಸುತ್ತೇವೆ. ಬಗ್ಗಿಸಿ, ತುದಿಗಳನ್ನು ಬೆಸೆದು ಬಳೆ ಮಾಡುತ್ತೇವೆ. ಬಳೆ ಗಾಲಿಗಿಂತ ಚಿಕ್ಕದು. ಬೆರಣಿಯ ಉರಿಯಲ್ಲಿ ಕಾಯಿಸಿದರೆ ಹಿಗ್ಗುತ್ತದೆ, ಆಗ ಇಕ್ಕಳದಲ್ಲಿ ಎತ್ತಿ ಗಾಲಿಗೆ ತೊಡಿಸುತ್ತೇವೆ. ನೀರು ಬಿದ್ದು ಕುಗ್ಗುವಾಗ ಅದು ನಡುವಿನ ಗುಂಬ, ಗುಂಬದಿಂದ ಹೊರಟ ಅರಗಳು, ಅಂಚಿನ ಮರ ಎಲ್ಲವನ್ನೂ ಒಟ್ಟಿಗೆ ಬಿಗಿಯುತ್ತದೆ. ಎಷ್ಟು ಕಡಿಮೆಗೆ ಕತ್ತರಿಸಬೇಕು ಎಂಬುದರಲ್ಲೇ ನಮ್ಮ ವಿದ್ಯೆಯೆಲ್ಲ ಇದೆ. ನಮ್ಮ ಮನೆತನದಲ್ಲಿ ಅದು ಒಂದು ಹೆಬ್ಬೆರಳಗಲ. ಗುರುತು ಹಾಕುವಾಗ ನಮ್ಮಪ್ಪ ಆಳುಗಳಿಗೆ ಬೆನ್ನು ತಿರುಗಿಸಿ ಕೂರುತ್ತಿದ್ದ. ನಾನೂ ಹಾಗೇ ಕೂತವನು. ಅಳತೆ ಕಂಡುಕೊಂಡ ಆಳು ನಾಳೆ ಎದುರಿಗೇ ಅಂಗಡಿ ಇಡುತ್ತಾನೆಂಬ ಭಯ.

ನನ್ನ ಸುತ್ತಿಗೆಯವನು ಸೇಲಂ ಕಡೆಯ ತಮಿಳಿನವನು. ಕಾರ್ಖಾನೆ ಕಟ್ಟುವಾಗ ಬಂದವನು, ಕಟ್ಟಿದ ಮೇಲೆ ಕೆಲಸ ತಪ್ಪಿ ನನ್ನಲ್ಲಿ ಸೇರಿ ಆರು ವರ್ಷವಾಗಿತ್ತು. ಎತ್ತಿನಂಥ ಆಳು. ನನ್ನ ಬೆರಳು ಹೋದಂದಿನಿಂದ ಸರಿಯಾಗಿ ಊಟ ಮಾಡಿರಲಿಲ್ಲವೆಂದು ಅವನ ಹೆಂಡತಿ ಹೇಳಿದಳು. ನಾನು ಜಗಲಿಯ ಮೇಲೆ ಚಾಪೆ ಹಾಕಿಸಿಕೊಂಡು ಕೂತು, ಅವನನ್ನು ಹತ್ತಿರ ಕರೆದು, ಬೇರೆ ದಾರಿಯಿಲ್ಲದೆ ಮನೆತನದ ಗುಟ್ಟನ್ನು ಕಿವಿಯಲ್ಲಿ ಹೇಳಿದೆ. “ಹುರಿಗಿಂತ ಒಂದು ಹೆಬ್ಬೆರಳು ಕಡಿಮೆ.”

ಅವನು ಕೈಮುಗಿದ. ಹೇಳಿದ ಹಾಗೇ ಅಳೆದ, ಕತ್ತರಿಸಿದ, ಬೆಸೆದ, ಕಾಯಿಸಿದ. ಪಟ್ಟೆ ಅಂಚಿನ ಮೇಲೆ ಇಳಿಯಲು ತುಂಬ ಹಟ ಮಾಡಿತು. ನೀರು ಹುಯ್ದಾಗ ಗಾಲಿ ಚಟಚಟ ಎಂದಿತು, ಅದು ಎಂದೂ ಇರುವ ಸದ್ದು. ಆಮೇಲೆ ಬಂದೂಕು ಹೊಡೆದ ಹಾಗೆ ಒಂದು ಸದ್ದು ಬಂತು. ಎರಡು ಅರ ಬುಡದಲ್ಲಿ ಸೀಳಿಹೋಗಿದ್ದವು.

ನಾನು ಬಾಯಿಗೆ ಬಂದಂತೆ ಬೈದೆ. ಆರು ವರ್ಷದಲ್ಲಿ ಬೈದದ್ದನ್ನೆಲ್ಲ ಸೇರಿಸಿದರೂ ಅಷ್ಟಾಗುತ್ತಿರಲಿಲ್ಲ. ಅವನು ತಲೆ ತಗ್ಗಿಸಿ, “ನೀವು ಹೇಳಿದ್ದೇ ಮಾಡಿದೆ ಮೇಸ್ತ್ರಿ, ಒಂದು ವಿರಲ್ ಅಂದ್ರಿ, ಒಂದೇ ಇಟ್ಟೆ” ಎಂದ.

ಮಾರನೆಯ ದಿನ ಹೆದರಿಕೊಂಡು ಬೆರಳನ್ನು ಓರೆ ಮಾಡಿ ಇಟ್ಟನಂತೆ. ಪಟ್ಟೆ ಸುಲಭವಾಗಿ ಕೂತಿತು. ಆರಿದ ಮೇಲೆ ಗಾಲಿಯನ್ನು ನಿಲ್ಲಿಸಿ ಉರುಳಿಸಿದರೆ ನಾಲ್ಕು ಮಾರು ಹೋಗುವಷ್ಟರಲ್ಲಿ ಪಟ್ಟೆ ಕಳಚಿ ಬೇರೆ ದಾರಿ ಹಿಡಿಯಿತು, ಹೊಳೆಯ ಕಡೆ ಓಡಿತು. ಬೀದಿಯವರು ನಕ್ಕರು. ನನಗೆ ಅಳು ಬಂತು. ಮರ ಹಸಿಯಿದೆ, ಕಬ್ಬಿಣ ಸರಿಯಿಲ್ಲ, ಗ್ರಹಚಾರ ಸರಿಯಿಲ್ಲ ಎಂದು ಏನೇನೋ ಹೇಳುತ್ತಾ ಕೂತೆ.

ಹೆಂಡತಿ ನನಗೆ ಅನ್ನ ಕಲಸಿ ತುತ್ತು ಮಾಡಿ ತಿನ್ನಿಸುತ್ತಿದ್ದಳು. ಎಡಗೈಯಲ್ಲಿ ಉಣ್ಣುವುದಿಲ್ಲವೆಂದು ನಾನು ಹಟ ಹಿಡಿದಿದ್ದೆ. ಅವಳು ಕುಲುಮೆಯ ವಿಷಯಕ್ಕೆ ಬಂದವಳಲ್ಲ, ಬರಲು ನಾನು ಬಿಟ್ಟವನೂ ಅಲ್ಲ. ಅವತ್ತು ತುತ್ತು ಹಿಡಿದುಕೊಂಡೇ ಕೇಳಿದಳು.

“ಅಲ್ಲಾ, ಒಂದು ಹೆಬ್ಬೆರಳು ಅಂದ್ರಲ್ಲ, ಯಾರ ಹೆಬ್ಬೆರಳು?”

“ಯಾರದ್ದು ಅಂದ್ರೆ? ಹೆಬ್ಬೆರಳು ಅಂದ್ರೆ ಹೆಬ್ಬೆರಳು.”

“ಆ ಪುಣ್ಯಾತ್ಮನ ಬೆರಳು ನೋಡಿದೀರಾ? ಬಾಳೆಕಾಯಿ ಇದ್ದಂಗಿದೆ.”

ತುತ್ತು ಬಾಯಲ್ಲೇ ಉಳಿಯಿತು. ನಮ್ಮಪ್ಪನ ಬೆರಳು, ಅವನಿಂದ ನನ್ನ ಬೆರಳು. ಬೇರೆಯವರಿಗೆ ಹೇಳಿದ್ದೇ ಇಲ್ಲವಾದ್ದರಿಂದ ಬೇರೆಯವರ ಬೆರಳಿನ ಪ್ರಶ್ನೆ ನಮಗೆ ಬಂದೇ ಇರಲಿಲ್ಲ. ಇಂಥ ತಪ್ಪು ಮಾಡಲು ಒಬ್ಬನಿಗೆ ಎಷ್ಟು ಜಂಬ ಇರಬೇಕೆಂದು ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ.

ಸುತ್ತಿಗೆಯವನನ್ನು ಕರೆಸಿ ಅವನ ಬೆರಳನ್ನು ನನ್ನ ಎಡಗೈ ಬೆರಳಿನ ಪಕ್ಕ ಇಟ್ಟು ನೋಡಿದೆವು. ಅಜಗಜಾಂತರ. “ಎಡಗೈದೇ ಅಳತೆ ಮಾಡಿ ಮೇಸ್ತ್ರಿ” ಎಂದ. ಆದರೆ ಮೂವತ್ತು ವರ್ಷ ಉಳಿ, ಬಾಚಿ, ಸುತ್ತಿಗೆ ಹಿಡಿದ ಬಲಗೈ ಬೆರಳು ಎಡಗೈಯದಕ್ಕಿಂತ ಚಪ್ಪಟೆಯಾಗಿ ಅಗಲವಾಗಿತ್ತು. ಎಷ್ಟು ಅಗಲವೆಂದು ನೋಡಿದವರಾರು? ಹೆಂಡತಿ ಒಳಗೆ ಹೋಗಿ ಮರ ಕೆತ್ತುವ ನನ್ನ ಬಾಚಿ ತಂದಳು. ಅದರ ಹಿಡಿಯಲ್ಲಿ ಹೆಬ್ಬೆರಳು ಕೂತು ಕೂತು ಗುಳಿ ಬಿದ್ದಿತ್ತು. ಆ ಗುಳಿಗೆ ಕೂರುವಂತೆ ಒಂದು ಕಬ್ಬಿಣದ ಬಿಲ್ಲೆಯನ್ನು ಸುತ್ತಿಗೆಯವನು ಕಬ್ಬಿಣ ಸವೆಸುವ ಅರದಿಂದ ಉಜ್ಜಿ ಮಾಡಿದ. ಮುಂದಿನ ಗಾಲಿಯನ್ನು ಆ ಬಿಲ್ಲೆಯಿಂದ ಅಳೆದೆವು. ಗಟ್ಟಿಯಾಗಿ ಕೂತಿತು. ಮರದ ಕೊಡತಿಯಿಂದ ಗಾಲಿಯ ಒಂದೊಂದೇ ಅರಕ್ಕೆ ತಟ್ಟಿದರೆ ಠಣ್ ಎನ್ನುತ್ತಿತ್ತು. ಹೆಂಡತಿ ಅವತ್ತು ಪಾಯಸ ಮಾಡಿದಳು.

ಪಾಯಸ ಒಂದು ದಿನ ಮುಂಚೆಯಾಯಿತು. ಅದೇ ಬಿಲ್ಲೆಯಲ್ಲಿ ಅಳೆದ ಆಮೇಲಿನ ಗಾಲಿ ತಟ್ಟಿದರೆ ಧಪ್ ಧಪ್ ಎಂದಿತು. ಸಡಿಲ.

ಮೂರು ದಿನ ನಾನು ಮುಖ ಗೋಡೆಗೆ ಮಾಡಿ ಮಲಗಿದೆ. ಸವಳಂಗ ರಸ್ತೆಗೆ ಹೇಳಿಕಳಿಸಿಬಿಡೋಣ, ಸ್ಟೂಲೇ ಸರಿ ಎಂದು ಹೆಂಡತಿಗೆ ಹೇಳಿಯೂಬಿಟ್ಟೆ. ಅವಳು ಕಾಲ ಬಳಿ ಕೂತು, ರಚ್ಚೆ ಹಿಡಿದ ಮಗುವನ್ನು ಕೇಳುವ ಹಾಗೆ ಕೇಳಿದಳು. “ನಿಮ್ಮ ಬೆರಳು ಇದ್ದಾಗ ಒಂದೇ ಬೆರಳಲ್ಲಿ ಎಲ್ಲಾ ಗಾಲೀನೂ ಸರಿಯಾಗಿ ಬರ್ತಿತ್ತಲ್ಲ. ಈಗ ಒಂದೇ ಬಿಲ್ಲೆಯಲ್ಲಿ ಒಂದು ಬರುತ್ತೆ, ಇನ್ನೊಂದು ಬರಲ್ಲ. ಅಂದ್ಮೇಲೆ ನೀವು ಇನ್ನೇನೋ ಮಾಡ್ತಿದ್ರಿ.”

“ಏನೂ ಮಾಡ್ತಿರಲಿಲ್ಲ. ಬೆರಳು ಇಡ್ತಿದ್ದೆ, ಅಷ್ಟೆ.”

“ಏಳಿ, ಹೆಂಗೆ ಇಡ್ತಿದ್ರಿ ತೋರ್ಸಿ.”

ಎದ್ದು ಹೋದೆ. ಪಟ್ಟೆ ತೊಡಿಸಿರದ ಒಂದು ಗಾಲಿಯ ಮುಂದೆ ಕೂತೆ. ಬಲಗೈ ತಾನಾಗಿ ಮುಂದೆ ಹೋಯಿತು, ಇಲ್ಲದ ಬೆರಳನ್ನು ಊರಲು ನೋಡಿತು. ಅದಕ್ಕೂ ಮೊದಲು ಎಡಗೈ ಅಂಚಿನ ಮರವನ್ನು ಒಂದು ಸುತ್ತು ಸವರಿತ್ತು, ಎರಡು ತುಂಡುಗಳ ಸಂದಿಯಲ್ಲಿ ಉಗುರು ಇಳಿಸಿತ್ತು. ಅದನ್ನು ಕಂಡವಳು ಹೆಂಡತಿ. “ಅದೇನು, ಉಗುರು ಹಾಕಿ ನೋಡಿದ್ರಲ್ಲ?” ಎಂದಳು. ನಾನು ಹಾಗೆ ಮಾಡುತ್ತೇನೆಂಬುದೇ ನನಗೆ ಗೊತ್ತಿರಲಿಲ್ಲ. ಸಂದಿ ಬಿಟ್ಟಿದ್ದರೆ ಮರ ಇನ್ನೂ ಒಳಸರಿಯುತ್ತದೆ, ಬೆರಳನ್ನು ಪೂರ್ತಿ ಊರಬೇಕು, ಊರಿ ಒತ್ತಬೇಕು. ಸಂದಿ ಕೂಡಿಕೊಂಡಿದ್ದರೆ ಉಗುರಿನ ಅಂಚು ಬಿಟ್ಟು ಇಡಬೇಕು. ಹೊನ್ನೆಮರಕ್ಕೆ ಒಂದು ಬಗೆ, ಜಾಲಿಗೆ ಒಂದು ಬಗೆ. ಇದನ್ನು ಯಾರೂ ನನಗೆ ಬಾಯಲ್ಲಿ ಹೇಳಿದ್ದಲ್ಲ, ನಾನೂ ಯಾರಿಗೂ ಹೇಳಿದ್ದಲ್ಲ. ಬೆರಳಿನ ಹೆಸರಿನಲ್ಲಿ ಇಷ್ಟೆಲ್ಲ ನಡೆಯುತ್ತಿತ್ತು.

ಆಗ ಒಂದು ತೀರ್ಮಾನ ಮಾಡಬೇಕಾಯಿತು. ಬೆರಳಗಲ ಎಂಬ ಒಂದು ಮಾತನ್ನು ಕಿವಿಯಲ್ಲಿ ಹೇಳುವುದು ಬೇರೆ. ಇದನ್ನೆಲ್ಲ ಬಿಡಿಸಿ ಹೇಳಿದರೆ ಸುತ್ತಿಗೆಯವನಿಗೆ ಪೂರ್ತಿ ವಿದ್ಯೆಯೇ ಹೋದಂತೆ. ಅವನಿಗೆ ಎರಡು ಕೈ ಇತ್ತು, ನನಗೆ ಒಂದೂವರೆ. ನಾಳೆ ಅವನು ಎದುರಿಗೆ ಕುಲುಮೆ ಹೂಡಿದರೆ ನಾನು ನೋಡುತ್ತಾ ಕೂರಬೇಕು. ಜಗಲಿಯ ಮೇಲೆ ಕೂತು ಒಂದು ಎಲೆಯಡಿಕೆ ಹಾಕಿ ಮುಗಿಯುವವರೆಗೆ ಯೋಚಿಸಿದೆ. ಕೊನೆಗೆ ಹೇಳದೆ ಇಟ್ಟುಕೊಂಡು ಏನು ಮಾಡಲಿ ಎನ್ನಿಸಿತು. ಅವನನ್ನು ಕರೆದೆ. “ಎದುರಿಗೆ ಕೂತ್ಕೋ. ನಾನು ಇನ್ಮೇಲೆ ಬೆನ್ನು ತಿರುಗ್ಸಲ್ಲ. ಏನು ಮಾಡ್ತೀನೋ ನೋಡಿ, ಕೇಳು.”

ಅವನು ಕೇಳಿದ್ದು ಕಡಿಮೆ, ಹೆಂಡತಿ ಕೇಳಿದ್ದು ಹೆಚ್ಚು. “ಯಾಕೆ ಮೂಸಿದ್ರಿ? ಯಾಕೆ ಎತ್ತಿ ಕೆಳಗಿಟ್ರಿ? ಯಾಕೆ ಹೂಂ ಅಂದ್ರಿ?” ಒಮ್ಮೊಮ್ಮೆ ತಲೆ ಕೆಟ್ಟು, “ಸುಮ್ನಿರೇ ಮಾರಾಯ್ತಿ!” ಎಂದು ಕೂಗುತ್ತಿದ್ದೆ. ಅವಳು ಸುಮ್ಮನಿರುತ್ತಿರಲಿಲ್ಲ. ಮೂರು ಬಿಲ್ಲೆಗಳಾದವು, ದಪ್ಪ, ನಡುವಿನದು, ತೆಳು. ಸಂದಿಯಲ್ಲಿ ಉಗುರು ಎಷ್ಟು ಇಳಿದರೆ ಯಾವುದು ಎಂಬುದನ್ನು ಅವಳೇ ಮೊದಲು ಕಲಿತಳು. ಕುಲುಮೆಯ ಮುಂದೆ ಹೆಂಗಸರು ಬರಬಾರದೆಂದು ನಮ್ಮಪ್ಪ ಹೇಳುತ್ತಿದ್ದ. ಅವಳು ಬಂದು ಹುರಿ ಹಿಡಿದು ನಿಂತಳು, ಬೆಂಕಿಗೆ ಏನೂ ಆಗಲಿಲ್ಲ.

ಸೀಳಿದ ಅರ ಬದಲಾಯಿಸಿ, ಕಳಚಿದ ಪಟ್ಟೆ ಕತ್ತರಿಸಿ ಮತ್ತೆ ಬೆಸೆದು ಒಂದೊಂದೇ ಮುಗಿಸುತ್ತಾ ಹೋದೆವು. ನನ್ನ ಕೆಲಸ ಆರಿದ ಗಾಲಿಯನ್ನು ಎಡಗೈಯಲ್ಲಿ ತಟ್ಟಿ ನೋಡುವುದು. ನಾಲ್ಕು ಗಾಲಿ ಅವರಿಬ್ಬರಿಗೂ ಸರಿಯೆನಿಸಿ ನನಗೆ ಬೇಡವೆನಿಸಿದವು. ಬಿಚ್ಚಿಸಿ ಮತ್ತೆ ಮಾಡಿಸಿದೆ. ದೀಪಾವಳಿಗೆ ನಾಲ್ಕು ದಿನವಿರುವಾಗ ಹದಿನಾರೂ ಮುಗಿದವು. ಹೊಳೆಯಾಚೆ ಕಂಟ್ರಾಕ್ಟರ ಹಟ್ಟಿಗೆ ಕಳಿಸಿದೆವು.

ಹಬ್ಬ ಕಳೆದ ಮಾರನೆಯ ದಿನ ಕರೆ ಬಂತು. ಮೂವರೂ ಹೋದೆವು. ಗಾಲಿಗಳು ಗೋಡೆಗೆ ಒರಗಿ ಬಿಸಿಲಲ್ಲಿ ನಿಂತಿದ್ದವು. ಹೊಸ ಗಾಡಿಗಳು ಗಾಲಿಯಿಲ್ಲದೆ ಬರೀ ಅಚ್ಚಿನ ಮೇಲೆ ಕಾದಿದ್ದವು. ಕಂಟ್ರಾಕ್ಟರು ಹಣೆತುಂಬ ವಿಭೂತಿ ಹಚ್ಚಿ ಕುರ್ಚಿಯಲ್ಲಿ ಕೂತಿದ್ದರು. ಗಾಲಿಗಳನ್ನು ಮಾಡಿದ್ದು ನಾನಲ್ಲವೆಂಬ ಪೇಟೆಯ ಮಾತು ಅವರ ಕಿವಿಗೂ ಬಿದ್ದಿತ್ತು.

“ಈ ಪಟ್ಟೆ ತೊಡಿಸಿದ್ದು ಯಾರು?”

ನಾನೇ ಎಂದುಬಿಡೋಣವೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಅವರ ಕಣ್ಣು ನನ್ನ ಕೈಮೇಲಿತ್ತು. “ಬಗ್ಗಿಸಿ ಬೆಸೆದು ತೊಡಿಸಿದ್ದು ಇವನು. ಅಳತೆ ಹಿಡಿದಿದ್ದು ಇವಳು” ಎಂದೆ.

“ಹಂಗಾದ್ರೆ ನೀನೇನು ಮಾಡ್ದೆ ಮಾರಾಯ?”

ಸುತ್ತಿಗೆಯವನು ಎರಡು ಹೆಜ್ಜೆ ಮುಂದೆ ಬಂದ. “ಮೇಸ್ತ್ರಿ ಬೇಡ ಅಂದ್ರು ಸಾಮಿ. ನಾಲ್ಕು ಗಾಲಿ ನಮಗೆ ಸರಿ ಕಂಡಿತ್ತು. ಮೇಸ್ತ್ರಿ ಬೇಡ ಅಂದ್ರು.”

ಕಂಟ್ರಾಕ್ಟರು ನಗಲಿಲ್ಲ. “ಸರಿ. ಯಾವುದು ಬೇಡ, ನನ್ನ ಮುಂದೆ ಹೇಳು ನೋಡೋಣ” ಎಂದು ಗೋಡೆಯ ಕಡೆ ಕೈ ತೋರಿಸಿದರು.

ಕೊಡತಿ ಎಡಗೈಗೆ ತೆಗೆದುಕೊಂಡು ಒಂದೊಂದೇ ಗಾಲಿ ತಟ್ಟುತ್ತಾ ಹೋದೆ. ಸರಿ, ಸರಿ, ಸರಿ. ಹನ್ನೊಂದನೆಯದರ ಮೂರನೆಯ ಅರಕ್ಕೆ ತಟ್ಟಿದಾಗ ಸದ್ದು ಕೊಂಚ ಕುಗ್ಗಿತು. ಮತ್ತೆ ತಟ್ಟಿದೆ. ಎಂಟು ದಿನದ ಬಿಸಿಲಿಗೆ ಮರ ಒಳಸರಿದಿತ್ತು. ಮನೆಯಲ್ಲಿ ಇದನ್ನು ಸರಿಯೆಂದವನು ನಾನೇ. ಅಲ್ಲಿದ್ದ ಯಾರ ಕಿವಿಗೂ ಅದು ತಿಳಿಯುವಂತಿರಲಿಲ್ಲ. ಹೆಂಡತಿ ನನ್ನ ಮುಖ ನೋಡಿದಳು, ಅವಳಿಗೆ ಗೊತ್ತಾಯಿತು. ಸುಮ್ಮನೆ ಹನ್ನೆರಡನೆಯದಕ್ಕೆ ಹೋಗಿಬಿಟ್ಟರೆ ಕುಲುಮೆ ಉಳಿಯುತ್ತದೆ. ಮೂರು ವಾರದ ಮೇಲೆ ಯಾವುದೋ ಕಾಡಿನ ಇಳಿಜಾರಿನಲ್ಲಿ, ತುಂಬಿದ ಗಾಡಿಯ ಅಡಿಯಲ್ಲಿ ಪಟ್ಟೆ ಕಳಚುತ್ತದೆ. ಪಕ್ಕದಲ್ಲಿ ನಡೆಯುವ ಗಾಡಿಯವನ ಕೈಯೋ ಕಾಲೋ ಅಲ್ಲಿರುತ್ತದೆ. ಆಸ್ಪತ್ರೆಯ ವಾಸನೆ ನನ್ನ ಮೂಗಿಗೆ ಬಂತು.

“ಇದು ಬೇಡ” ಎಂದೆ.

ಕಂಟ್ರಾಕ್ಟರು ಎದ್ದು ಬಂದು ಆ ಗಾಲಿಯನ್ನು ಕಾಲಿನಿಂದ ಒದ್ದು ನೋಡಿದರು, ಕೈಯಿಂದ ಅಲ್ಲಾಡಿಸಿದರು. ಅವರಿಗೇನೂ ಕಾಣಲಿಲ್ಲ. ಉಳಿದ ಐದನ್ನೂ ತಟ್ಟಿಸಿದರು. ಐದೂ ಸರಿ ಇದ್ದವು. ಆಮೇಲೆ ಬಾಯಲ್ಲಿದ್ದ ಎಲೆಯಡಿಕೆ ಉಗಿಯಲು ಗೋಡೆಯ ಮೂಲೆಗೆ ನಡೆದರು. ಅಷ್ಟರಲ್ಲಿ ಮನಸ್ಸಿನಲ್ಲಿ ನಾನು ಸವಳಂಗ ರಸ್ತೆಯ ಸ್ಟೂಲಿನ ಮೇಲೆ ಕೂತಾಗಿತ್ತು.

ಉಗಿದು ಬಂದು ತಮ್ಮ ಆಳುಗಳಿಗೆ ಹೇಳಿದರು. “ಏಳು ಗಾಡಿ ಹೂಡ್ರೋ. ಎಂಟನೇದು ಶನಿವಾರ ಹೊರಡ್ಲಿ.” ನನ್ನ ಕಡೆ ತಿರುಗದೆಯೇ, “ಬರೋ ವರ್ಷಕ್ಕೆ ಮರ ಈಗ್ಲೇ ನೋಡಿ ಒಣಗ್ಸಿಡು. ಇನ್ನೂ ಎಂಟು ಗಾಡಿ ಬೇಕು” ಎಂದರು.

ಸುತ್ತಿಗೆಯವನು ಆ ಗಾಲಿಯನ್ನು ಹೆಗಲಿಗೆ ಹಾಕಿಕೊಳ್ಳಲು ಬಂದ. ನಾನು ಬಿಡಲಿಲ್ಲ. ಎಡಗೈಯಲ್ಲಿ ಅದನ್ನು ಉರುಳಿಸಿಕೊಂಡು ಸೇತುವೆ ದಾಟಿದೆ. ಅವರಿಬ್ಬರೂ ಹಿಂದೆ ಬಂದರು. ಗಾಲಿ ಎರಡು ಸಲ ಅಡ್ಡ ಬಿತ್ತು, ಎರಡು ಸಲವೂ ನಾನೇ ಎತ್ತಿದೆ. ಮನೆಗೆ ಬಂದು ಎಲೆಯ ಮುಂದೆ ಕೂತಾಗ ಹೆಂಡತಿ ಅನ್ನ ಕಲಸಲು ಕೈ ಹಾಕಿದಳು. “ಬಿಡು, ನಾನೇ ಉಣ್ತೀನಿ” ಎಂದು ಎಡಗೈ ಮುಂದೆ ಮಾಡಿದೆ.